ಹೆಡ್‌ನಲ್ಲಿ ಕಚ್ಚಿಕೊಂಡ ಗ್ಲೋ ಪ್ಲಗ್ ಮುರಿಯದಂತೆ ಬಿಚ್ಚುವುದು ಹೇಗೆ?

ವಾಸ್ಕೋದಲ್ಲಿ ಓಡುವ ನಿಮ್ಮ ಡೀಸೆಲ್ ಟ್ಯಾಕ್ಸಿಯಲ್ಲಿ, ತಣ್ಣಗಿನ ಇಂಜಿನ್ ಸ್ಟಾರ್ಟ್ ಆಗಲು ಸಿಲಿಂಡರಿನೊಳಗೆ ಕಾವು ಕೊಡುವ ನಾಲ್ಕು ಗ್ಲೋ ಪ್ಲಗ್‌ಗಳಲ್ಲಿ ಎರಡು ಹೋಗಿವೆ, ಒಂದು ಸಲೀಸಾಗಿ ಬಂತು, ಮೂರನೇ ಸಿಲಿಂಡರಿನದು ಕದಲುತ್ತಿಲ್ಲ, ಸ್ಪ್ಯಾನರಿಗೆ ಪೈಪ್ ಸಿಕ್ಕಿಸಿ ತಿರುಗಿಸುತ್ತೇವೆ ಅಂತ ಗ್ಯಾರೇಜಿನವರು ಹೇಳುತ್ತಿದ್ದಾರೆ, ಒಪ್ಪಲೇ ಬೇಡವೇ ಎಂದು ಕೇಳಿದ್ದೀರಿ. ದಯವಿಟ್ಟು ಒಪ್ಪಬೇಡಿ. ಗ್ಲೋ ಪ್ಲಗ್ ಹೊರಗಿನಿಂದ ಬೋಲ್ಟಿನಂತೆ ಕಂಡರೂ ಒಳಗೆ ಟೊಳ್ಳು. ನಡುವೆ ಕರೆಂಟ್ ಹೋಗುವ ಕಡ್ಡಿ, ಸುತ್ತ ತೆಳ್ಳನೆಯ ಉಕ್ಕಿನ ಗೋಡೆ, ಅಷ್ಟೇ. ಪೈಪ್ ಹಾಕಿ ಜಗ್ಗಿದರೆ ಷಟ್ಕೋನದ ತಲೆ ಕೈಗೆ ಬರುತ್ತದೆ, ಉಳಿದದ್ದು ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್‌ನೊಳಗೇ ಕೂರುತ್ತದೆ.

ನಿಮಗೆ ಅವಸರವೂ ಇಲ್ಲ. ಗೋವಾದಲ್ಲಿ ಜನವರಿಯ ಬೆಳಗಿನ ಜಾವವೂ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಕಾಮನ್ ರೈಲ್ (ಹೆಚ್ಚು ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ) ಇಂಜಿನ್ ಆ ಚಳಿಗೆ, ಹೊಸದು ಹಾಕಿದ್ದೂ ಸೇರಿ, ಮೂರು ಪ್ಲಗ್‌ನಲ್ಲೇ ಸ್ಟಾರ್ಟ್ ಆಗುತ್ತದೆ. ಮೊದಲ ಅರ್ಧ ನಿಮಿಷ ಸ್ವಲ್ಪ ಬಿಳಿ ಹೊಗೆ, ಸ್ವಲ್ಪ ನಡುಕ, ಡ್ಯಾಶ್‌ಬೋರ್ಡಿನಲ್ಲಿ ಲೈಟು, ಇಷ್ಟೇ ತೊಂದರೆ. ಹಾಗಾಗಿ ಒಂದು ವಾರ ತೆಗೆದುಕೊಂಡು ಬಿಚ್ಚಬಹುದು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಗಾಡಿಯಾದರೆ ಮಾತ್ರ ತಿಂಗಳುಗಟ್ಟಲೆ ಬಿಡಬೇಡಿ. ಕೆಲವು ಗಾಡಿಗಳಲ್ಲಿ ಗ್ಲೋ ಪ್ಲಗ್ ದೋಷ ತೋರಿಸುತ್ತಿದ್ದರೆ ಮಸಿ ಸುಡುವ ರೀಜನರೇಶನ್ ನಡೆಯುವುದಿಲ್ಲ.

ಮೊದಲು ಆ ಪ್ಲಗ್ ನಿಜಕ್ಕೂ ಹೋಗಿದೆಯೇ ನೋಡಿ. ಮೇಲಿನ ಕನೆಕ್ಟರ್ ಕಿತ್ತು, ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಪ್ಲಗ್‌ನ ತುದಿಗೆ, ಇನ್ನೊಂದನ್ನು ಇಂಜಿನ್ ಬಾಡಿಗೆ ಹಿಡಿಯಿರಿ. ಲೋಹದ ಪ್ಲಗ್ ಸರಿಯಿದ್ದರೆ ಸುಮಾರು 1 ಓಮ್ ಅಥವಾ ಅದಕ್ಕಿಂತ ಕಡಿಮೆ ತೋರಿಸುತ್ತದೆ. ಮೀಟರಿನ ಎರಡೂ ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಬರುವ ಅಂಕೆಯನ್ನು ಇದರಲ್ಲಿ ಕಳೆಯಬೇಕು. ಸತ್ತಿದ್ದರೆ ಮೀಟರ್ ಓಮ್ ಅಂಕೆ ಕೊಡದೆ, ದಾರಿ ತುಂಡಾಗಿದೆ (OL) ಎಂದು ತೋರಿಸುತ್ತದೆ. ಎಷ್ಟೋ ಸಲ ಪ್ಲಗ್ ಸರಿಯಿದ್ದು, ಕನೆಕ್ಟರಿನಲ್ಲಿ ಹಸಿರು ಕಿಲುಬು ಹಿಡಿದಿರುತ್ತದೆ.

ಕಚ್ಚಿಕೊಳ್ಳುವುದು ಎರಡು ಕಡೆ, ಮದ್ದೂ ಬೇರೆ ಬೇರೆ. ಒಂದು, ಮೇಲಿನ ಥ್ರೆಡ್. ಉಕ್ಕಿನ ಪ್ಲಗ್, ಅಲ್ಯೂಮಿನಿಯಂ ಹೆಡ್, ನಡುವೆ ಮಳೆಗಾಲದ ನೀರು, ಮೇಲಿಂದ ಸಮುದ್ರದ ಉಪ್ಪುಗಾಳಿ. ಪ್ಲಗ್ ಗುಳಿಯಲ್ಲಿ ನೀರು ನಿಂತರೆ ಅಲ್ಲಿ ಬಿಳಿ ಪುಡಿಯಂಥ ತುಕ್ಕು ಬೆಳೆದು ಥ್ರೆಡ್ಡನ್ನು ಬಿಗಿಯುತ್ತದೆ. ಎರಡು, ಕೆಳಗಿನ ಬಿಸಿಯಾಗುವ ಕಡ್ಡಿ. ಅದರ ಸುತ್ತಲಿನ ಕೂದಲೆಳೆಯಷ್ಟು ಸಂದಿಯಲ್ಲಿ ಮಸಿ ತುಂಬಿ ಕಲ್ಲಾಗುತ್ತದೆ. ಮೇಲಿಂದ ಬಿಟ್ಟ ಎಣ್ಣೆ ಥ್ರೆಡ್ಡಿಗೆ ತಲುಪುತ್ತದೆ, ಆದರೆ ಥ್ರೆಡ್ ಕೆಳಗಿನ ಕೋನ್ ಸೀಟು (ಪ್ಲಗ್ ಹೆಡ್ಡಿಗೆ ಒತ್ತಿ ಕೂರುವ ಇಳಿಜಾರು ಅಂಚು) ಬಿಗಿಯಾಗಿರುವ ತನಕ ಮಸಿಯವರೆಗೆ ಇಳಿಯುವುದಿಲ್ಲ. ಡಬ್ಬಿಗಟ್ಟಲೆ ಎಣ್ಣೆ ಹೊಡೆದರೂ ಕೆಲವು ಪ್ಲಗ್ ಬಗ್ಗದಿರುವುದು ಇದಕ್ಕೇ.

ಕೆಲಸ ಶುರು ಮಾಡುವ ಮೊದಲು ಗುಳಿಯನ್ನು ಗಾಳಿ ಹೊಡೆದು ಶುಚಿ ಮಾಡಿ, ಮರಳು ಒಳಗೆ ಬೀಳಬಾರದು. ಆಮೇಲೆ ತುಕ್ಕು ಬಿಡಿಸುವ ಪೆನಿಟ್ರೇಟಿಂಗ್ ಆಯಿಲ್ ಅನ್ನು ಪ್ಲಗ್ ಬುಡಕ್ಕೆ ನಾಲ್ಕೈದು ಹನಿ ಬಿಡಿ. ಇಂಜಿನ್ ತಣ್ಣಗಿದ್ದಾಗಲೇ ಬಿಡಬೇಕು. ಕಾದ ಎಕ್ಸಾಸ್ಟ್ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಗಾಡಿ ಎಂದಿನಂತೆ ಓಡಿಸಿ, ರಾತ್ರಿ ತಣ್ಣಗಾದ ಮೇಲೆ ಮತ್ತೆ ನಾಲ್ಕು ಹನಿ. ಹೀಗೆ ಮೂರ್ನಾಲ್ಕು ದಿನ. ಕಾದು ತಣಿಯುವಾಗ ಹೆಡ್ ಮತ್ತು ಪ್ಲಗ್ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುತ್ತವೆ, ಆ ಅಲುಗಾಟದಲ್ಲೇ ಎಣ್ಣೆ ಒಳಗೆ ಸೇರುವುದು. ಇದನ್ನು ಬಿಟ್ಟು ಒಂದೇ ಸಂಜೆ ಹತ್ತು ಸಲ ಎಣ್ಣೆ ಹೊಡೆದರೆ ಅದೇ ಫಲ ಸಿಗುವುದಿಲ್ಲ.

ಬಿಚ್ಚುವ ದಿನ ಇಂಜಿನ್ ಬಿಸಿಯಾಗಲು ವೆರ್ಣಾ ತನಕ ಹೋಗಿ ಬನ್ನಿ. ಕೂಲೆಂಟ್ 80-90 ಡಿಗ್ರಿಗೆ ಬಂದಿರಬೇಕು. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 10 ಮಿಲಿಮೀಟರ್ ಪ್ಲಗ್ಗಿಗೆ 60 ಡಿಗ್ರಿ ಕಾವೇರಿದರೆ ರಂಧ್ರ ಪ್ಲಗ್‌ಗಿಂತ 6-7 ಮೈಕ್ರಾನ್ ಹೆಚ್ಚು ಅಗಲವಾಗುತ್ತದೆ. ಅಷ್ಟೇ ಸಾಕು, ಥ್ರೆಡ್ಡಿನ ಹಿಡಿತ ಸಡಿಲವಾಗಲು. ಪ್ಲಗ್ಗಿಗೆ ನೇರ ಕರೆಂಟ್ ಕೊಟ್ಟು ನಾಲ್ಕೈದು ನಿಮಿಷ ಕಾಯಿಸಿ ಮಸಿ ಸುಡುವ ಉಪಾಯವೂ ಇದೆ, ಆದರೆ ಸತ್ತ ಪ್ಲಗ್ ಕಾಯುವುದೇ ಇಲ್ಲವಲ್ಲ, ನಿಮಗೆ ಅದು ಉಪಯೋಗವಿಲ್ಲ. ಜೀವಂತ ಪ್ಲಗ್ಗಿಗೆ ಮಾಡುವುದಾದರೂ ಮೇಲೆ ಬರೆದಿರುವ ವೋಲ್ಟೇಜ್ ಓದಿ. ಈಚಿನ ಹಲವು ಪ್ಲಗ್‌ಗಳು 4.4 ಅಥವಾ 7 ವೋಲ್ಟಿನವು, ಬ್ಯಾಟರಿಯ 12 ವೋಲ್ಟ್ ನೇರ ಕೊಟ್ಟರೆ ತುದಿ ಊದಿ ಇನ್ನೂ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ.

ಈಗ ಟಾರ್ಕ್ ರೆಂಚ್, ಅಂದರೆ ತಿರುಗಿಸುವ ಬಲವನ್ನು ಅಳೆದು ತೋರಿಸುವ ಸ್ಪ್ಯಾನರ್. ಇದಿಲ್ಲದೆ ಮುಟ್ಟಲೇಬೇಡಿ. ಬಿಚ್ಚುವಾಗ ಮೀರಬಾರದ ಮಿತಿ ಹೀಗಿದೆ: ಎಂ8 (8 ಮಿಲಿಮೀಟರ್ ವ್ಯಾಸದ) ಥ್ರೆಡ್ಡಿಗೆ 20 ನ್ಯೂಟನ್ ಮೀಟರ್, ಎಂ9ಗೆ 22, ಎಂ10ಗೆ 35, ಎಂ12ಗೆ 45. 25 ಸೆಂಟಿಮೀಟರ್ ಹಿಡಿಕೆಯ ತುದಿಯಲ್ಲಿ 20 ನ್ಯೂಟನ್ ಮೀಟರ್ ಎಂದರೆ ಬರೀ 8 ಕಿಲೋ ಭಾರ. ಪೈಪ್ ಹಾಕಿದವರ ಕೈಗೆ ಆ 8 ಕಿಲೋ ಯಾವಾಗ ದಾಟಿತೆಂದು ತಿಳಿಯುವುದೇ ಇಲ್ಲ. ನಿಮ್ಮದು ಯಾವ ಅಳತೆ ಎಂದು ಈಗಾಗಲೇ ಹೊರಬಂದ ಪ್ಲಗ್ಗಿನ ಥ್ರೆಡ್ಡಿಗೆ ವರ್ನಿಯರ್ ಹಿಡಿದು ನೋಡಿ. ಎಡಕ್ಕೆ ತಿರುಗಿಸುವಾಗಲೂ ಮಿತಿ ಸರಿಯಾಗಿ ತೋರಿಸುವ ರೆಂಚೇ ಬೇಕು. ಕೆಲವು ಬಲಕ್ಕೆ ಬಿಗಿಯುವಾಗ ಮಾತ್ರ ಕ್ಲಿಕ್ ಅನ್ನುತ್ತವೆ.

ಡೀಪ್ ಸಾಕೆಟ್ ನೇರವಾಗಿ ಕೂರಬೇಕು, ಓರೆಯಾದರೆ ಪ್ಲಗ್ ಬಾಗಿ ಮುರಿಯುತ್ತದೆ. ಷಟ್ಕೋನದ ಒಂದು ಮೂಲೆ ಮತ್ತು ಹೆಡ್ ಮೇಲೆ ಒಂದೇ ನೇರಕ್ಕೆ ಬಿಳಿ ಪೇಂಟಿನ ಗುರುತು ಹಾಕಿ. ಮಿತಿಯ ತನಕ ಒತ್ತಿ, ಬಿಡಿ. ಗುರುತು ಸರಿದು ಅಲ್ಲೇ ನಿಂತರೆ ಪ್ಲಗ್ ತಿರುಗಿದೆ. ಸರಿದು, ಕೈ ಬಿಟ್ಟ ಕೂಡಲೇ ವಾಪಸ್ ಬಂದರೆ ಥ್ರೆಡ್ ತಿರುಗಿಲ್ಲ, ಪ್ಲಗ್ಗಿನ ಮೈ ತಿರುಚುತ್ತಿದೆ. ಅಲ್ಲಿಗೆ ನಿಲ್ಲಿಸಿ, ಮತ್ತೆರಡು ದಿನ ಎಣ್ಣೆ. ಸ್ವಲ್ಪ ಸಡಿಲವಾಗಿ ಕಿರ್ರ್ ಎಂಬ ಒಣ ಸದ್ದು ಬಂದರೆ ಖುಷಿಯಲ್ಲಿ ಪೂರ್ತಿ ತಿರುಗಿಸಬೇಡಿ. ಎಂಟನೇ ಒಂದು ಸುತ್ತು ಬಿಚ್ಚಿ, ಕಾದ ಎಕ್ಸಾಸ್ಟಿಗೆ ತಾಗದಂತೆ ಪ್ಲಗ್ ಬುಡಕ್ಕಷ್ಟೇ ಎಣ್ಣೆ ಬಿಟ್ಟು, ಅಷ್ಟೇ ವಾಪಸ್ ಬಿಗಿದು, ಮತ್ತೆ ಬಿಚ್ಚಿ. ಕೋನ್ ಸೀಟು ಎದ್ದ ಮೇಲೆ ಎಣ್ಣೆ ಕೆಳಗಿನ ಮಸಿಗೂ ಇಳಿಯುತ್ತದೆ. ಅಲ್ಲಿಂದ ಹತ್ತು ನಿಮಿಷ ಹಾಗೇ ಬಿಟ್ಟರೆ ಕೆಲಸ ಹಗುರ. ಮಾಮೂಲಿ ಇಂಪ್ಯಾಕ್ಟ್ ಗನ್ ಹತ್ತಿರ ತರಬೇಡಿ. ಗ್ಲೋ ಪ್ಲಗ್ಗಿಗೆಂದೇ ಬರುವ, ಟಾರ್ಕ್ ಮಿತಿ ಇಡಬಹುದಾದ ನಡುಕದ ಉಪಕರಣ ಬೇರೆ.

ಥ್ರೆಡ್ ಪೂರ್ತಿ ಬಿಚ್ಚಿಕೊಂಡು, ಪ್ಲಗ್ ಸುಮ್ಮನೆ ಸುತ್ತುತ್ತಾ ಮೇಲೆ ಬರದಿದ್ದರೆ ತುದಿ ಊದಿದೆ ಅಥವಾ ಮಸಿ ಹಿಡಿದಿದೆ. ಕಟಿಂಗ್ ಪ್ಲೇಯರ್‌ನಲ್ಲಿ ಕಿತ್ತರೆ ನಡುವಿನ ಕಡ್ಡಿ ಮಾತ್ರ ಬರುತ್ತದೆ. ಪ್ಲಗ್ಗಿನ ಮೈಯನ್ನೇ ಹಿಡಿಯುವ ಪುಲ್ಲರಿಗೆ ಸ್ಲೈಡ್ ಹ್ಯಾಮರ್ (ಕಡ್ಡಿಯ ಮೇಲೆ ಜಾರುವ ಭಾರದಿಂದ ಹೊರಮುಖಕ್ಕೆ ಪೆಟ್ಟು ಕೊಡುವ ಸಲಕರಣೆ) ಹಾಕಿ ಸಣ್ಣ ಸಣ್ಣ ಪೆಟ್ಟಿನಲ್ಲಿ, ನೇರ ಮೇಲಕ್ಕೆ ಎಳೆಯಬೇಕು.

ಮುರಿದೇ ಹೋದರೆ ಸ್ವಂತ ಪ್ರಯೋಗ ಬೇಡ, ಗ್ಲೋ ಪ್ಲಗ್ ತೆಗೆಯುವ ಕಿಟ್ ಇಟ್ಟಿರುವವರ ಬಳಿ ಹೋಗಿ. ಅವರು ಡ್ರಿಲ್ ನೇರವಾಗಿ ಇಳಿಯುವಂತೆ ಹಿಡಿಯುವ ಗೈಡ್ ಬುಷ್ ಕೂರಿಸಿ, ನಡುವಿನ ಕಡ್ಡಿಯನ್ನು ಡ್ರಿಲ್ ಮಾಡಿ, ಉಳಿದ ಮೈಗೆ ಟ್ಯಾಪ್ ಹೊಡೆದು (ಒಳಗೆ ಥ್ರೆಡ್ ಕೊರೆದು) ಎಳೆಯುತ್ತಾರೆ. ಗೈಡ್ ಇಲ್ಲದೆ ಡ್ರಿಲ್ ಹಿಡಿಯುವವರನ್ನು ಕಂಡರೆ ಗಾಡಿ ವಾಪಸ್ ತನ್ನಿ. ಡ್ರಿಲ್ ಬಿಟ್ ಗಟ್ಟಿ ಉಕ್ಕನ್ನು ಬಿಟ್ಟು ಮೆತ್ತಗಿನ ಅಲ್ಯೂಮಿನಿಯಂ ಕಡೆಗೇ ಜಾರುತ್ತದೆ. ತುದಿ ಸಿಲಿಂಡರಿನೊಳಗೆ ಬಿದ್ದರೆ ಸ್ಟಾರ್ಟರ್ ಒಂದು ಸಲವೂ ತಿರುಗಿಸಬಾರದು, ಪಿಸ್ಟನ್ ಹೋಗುತ್ತದೆ. ಆ ತುದಿಯ ಹೊದಿಕೆ ನಿಕ್ಕಲ್ ಮಿಶ್ರಲೋಹದ್ದು, ಅಯಸ್ಕಾಂತದ ಕಡ್ಡಿಗೆ ಅಂಟುತ್ತದೆಂದು ನಂಬಬೇಡಿ. ಕ್ಯಾಮೆರಾ ಇಳಿಸಿ ನೋಡಿ, ಸಿಗದಿದ್ದರೆ ಹೆಡ್ ಇಳಿಸಲೇಬೇಕು.

ಹೊಸದನ್ನು ಹಾಕುವ ಮೊದಲು ಅದೇ ಅಳತೆಯ ರೀಮರಿನ (ರಂಧ್ರದೊಳಗನ್ನು ಕೆರೆಯುವ ಉಪಕರಣದ) ಗೀರುಗಳಿಗೆ ಗ್ರೀಸ್ ತುಂಬಿ, ಬಲಕ್ಕೆ ಮಾತ್ರ ತಿರುಗಿಸುತ್ತಾ ರಂಧ್ರದ ಮಸಿ ತೆಗೆಯಿರಿ. ಹೊರಗೆ ತೆಗೆಯುವಾಗಲೂ ಬಲಕ್ಕೇ, ಆಗ ಮಸಿ ಗ್ರೀಸಿನಲ್ಲೇ ಅಂಟಿ ಬರುತ್ತದೆ. ಪ್ಲಗ್ ಮೊದಲು ಬರಿಗೈಯಲ್ಲಿ ಪೂರ್ತಿ ಇಳಿಯಬೇಕು, ಇಳಿಯದಿದ್ದರೆ ಮತ್ತೆ ಶುಚಿ ಮಾಡಿ. ಕೋನ್ ಸೀಟಿಗೆ ಗ್ರೀಸ್ ಬೇಡ. ಬಿಗಿಯಲು ಎಂ8ಗೆ 10 ನ್ಯೂಟನ್ ಮೀಟರ್, ಎಂ10ಗೆ 15 ಸಾಕು. ಗಾಡಿಯ ಮ್ಯಾನುಯಲ್‌ನಲ್ಲಿ ಬೇರೆ ಅಂಕೆ ಇದ್ದರೆ ಅದನ್ನೇ ಹಿಡಿಯಿರಿ.

ಹೊರಬಂದ ಪ್ಲಗ್ಗಿನ ತುದಿ ಊದಿದ್ದರೆ ಪ್ಲಗ್ಗಿಗೆ ಕರೆಂಟ್ ಕೊಡುವ ರಿಲೇ ಆಫ್ ಆಗುತ್ತಿದೆಯೇ, ಚಾರ್ಜಿಂಗ್ 14.5 ವೋಲ್ಟ್ ದಾಟುತ್ತಿದೆಯೇ ನೋಡಿ. ಕರಗಿ ಸವೆದಿದ್ದರೆ ಆ ಸಿಲಿಂಡರಿನ ಇಂಜೆಕ್ಟರ್ ಟೆಸ್ಟ್ ಮಾಡಿಸಿ. ನಾಲ್ಕನ್ನೂ ಒಟ್ಟಿಗೆ ಬದಲಿಸಿ ಅಂತ ಯಾರಾದರೂ ಹೇಳಬಹುದು. ಸುಲಭವಾಗಿ ಬಿಚ್ಚುವುದಾದರೆ ಸರಿ. ಉಳಿದೆರಡರಲ್ಲಿ ಒಂದು ಕಚ್ಚಿಕೊಂಡಿದ್ದು, ಇನ್ನೂ ಕೆಲಸ ಮಾಡುತ್ತಿದ್ದರೆ ಅದನ್ನು ಅಲ್ಲೇ ಬಿಡಿ.