ಮತ್ತೊಂದು ಸಾಂಕ್ರಾಮಿಕ ಬರುವ ಮೊದಲು ಗ್ರಾಮ ಪಂಚಾಯಿತಿ ಏನು ಮಾಡಿಟ್ಟುಕೊಳ್ಳಬೇಕು?

ನೀವು ಹಾವೇರಿ ಜಿಲ್ಲೆಯ ಗ್ರಾಮ ಪಂಚಾಯಿತಿಯೊಂದಕ್ಕೆ ಹೊಸದಾಗಿ ಆರಿಸಿ ಬಂದವರು. ಕೋವಿಡ್‌ನಂತಹದ್ದು ಮತ್ತೆ ಬಂದರೆ ಇರಲಿ ಎಂದು ಆಮ್ಲಜನಕದ ಯಂತ್ರ ಕೊಳ್ಳಬೇಕೋ, ಆಂಬುಲೆನ್ಸ್‌ಗೆ ದಾನಿಗಳನ್ನು ಹುಡುಕಬೇಕೋ ಎಂದು ಕೇಳಿದ್ದೀರಿ. ಎರಡೂ ಬೇಡ ಎನ್ನುವುದಿಲ್ಲ. ಆದರೆ ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ, ಅವರ ನೋಟ್‌ಬುಕ್ಕಿನ ಬಗ್ಗೆ ಕೇಳಿ ಬನ್ನಿ.

ನಾನು ಗದಗ ಜಿಲ್ಲೆಯ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಶಿಕ್ಷಕ. 2020ರ ಮೇ ತಿಂಗಳಲ್ಲಿ ನಮ್ಮ ಶಾಲೆ ಕ್ವಾರಂಟೈನ್ ಕೇಂದ್ರವಾಯಿತು. ಪಕ್ಕದ ತಾಂಡಾದಿಂದ ಗೋವಾಕ್ಕೆ, ರತ್ನಾಗಿರಿಗೆ ದುಡಿಯಲು ಹೋಗಿದ್ದವರು ಲಾಕ್‌ಡೌನ್ ಸಡಿಲವಾದ ಮೇಲೆ ಗಂಟುಮೂಟೆ ಸಮೇತ ಬಂದಿಳಿದರು. ನಾಲ್ಕನೇ ತರಗತಿಯ ಕೋಣೆಯಲ್ಲಿ ಹಾಸಿಗೆ ಹಾಸಿದಾಗ ಕರಿಹಲಗೆಯ ಮೇಲೆ 13-3-2020 ಎಂದು ನಾನೇ ಬರೆದ ದಿನಾಂಕ ಇನ್ನೂ ಹಾಗೆಯೇ ಇತ್ತು. ಅದನ್ನು ಒರೆಸಲು ಯಾಕೋ ಕೈ ಬರಲಿಲ್ಲ.

ಮೊದಲ ಜಗಳ ಊಟದ್ದು. ಬಿಸಿಯೂಟದ ಅಡುಗೆಯವರು ಎರಡು ಹೊತ್ತೂ ಅನ್ನ ಸಾರು ಮಾಡಿ ಬಡಿಸಿದರು. ಮೂರನೆಯ ದಿನ ಅರ್ಧ ಜನ ಎಲೆಯ ಮುಂದೆ ಕೂರಲೇ ಇಲ್ಲ. ಅತ್ತ ಗೇಟಿನ ಹೊರಗೆ ಅವರ ಮನೆಯ ಹೆಂಗಸರು ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಿಂತಿದ್ದರು. ಹೊರಗಿನ ಊಟ ಒಳಗೆ ಬರಕೂಡದು ಎಂದು ನಮಗೆ ಹೇಳಲಾಗಿತ್ತು. ನಾನು ಆದೇಶದ ಕಾಗದ ಹಿಡಿದು ವಾದಕ್ಕೆ ನಿಂತೆ. ನಮ್ಮ ಆಶಾ ಅಕ್ಕ ಬಂದು ನನ್ನನ್ನು ಪಕ್ಕಕ್ಕೆ ಕರೆದರು. "ಗುರುಗಳೇ, ಒಳಗಿನದು ಹೊರಗೆ ಹೋದರೆ ತಾನೇ ಭಯ? ಹೊರಗಿನ ರೊಟ್ಟಿ ಒಳಗೆ ಬಂದರೆ ಯಾರಿಗೆ ಏನಾಗುತ್ತದೆ?" ಎಂದರು. ಗೇಟಿನ ಪಕ್ಕದ ಕಲ್ಲಿನ ಮೇಲೆ ಬುತ್ತಿ ಇಟ್ಟು ಮನೆಯವರು ಹಿಂದೆ ಸರಿಯುವುದು, ಆಮೇಲೆ ಒಳಗಿನವರು ಬಂದು ಎತ್ತಿಕೊಳ್ಳುವುದು, ಬುತ್ತಿಯ ಬಟ್ಟೆ ಒಳಗೇ ಉಳಿಯುವುದು ಎಂದು ಅವರೇ ಗೊತ್ತುಮಾಡಿದರು. ಗೋಡೆ ಹಾರಿ ಓಡಿಹೋಗುವ ಮಾತು ಅಲ್ಲಿಗೆ ನಿಂತಿತು.

ಈಗ ನೋಟ್‌ಬುಕ್ಕಿನ ವಿಷಯ. ಇನ್ನೂರು ಪುಟದ, ರಟ್ಟು ಕಿತ್ತುಹೋದ, ರಬ್ಬರ್ ಬ್ಯಾಂಡ್ ಹಾಕಿದ ಪುಸ್ತಕ ಅದು. ಮನೆಗೊಂದು ಸಾಲು. ಸಕ್ಕರೆ ಕಾಯಿಲೆ ಇದ್ದವರಿಗೆ ಕೆಂಪು ಶಾಯಿ, ರಕ್ತದೊತ್ತಡಕ್ಕೆ ನೀಲಿ, ಬಸುರಿಯರಿಗೆ ಹಸಿರು ಚುಕ್ಕೆ. ಫೋನ್ ಇಲ್ಲದವರ ಸಾಲಿನಲ್ಲಿ ಪಕ್ಕದ ಮನೆಯವರ ನಂಬರ್. ಇಷ್ಟನ್ನು ಆ ಬೇಸಿಗೆಯಲ್ಲಿ ಸರ್ಕಾರದ ಮನೆ ಮನೆ ಸಮೀಕ್ಷೆಯೂ ಹೆಚ್ಚುಕಡಿಮೆ ಕೇಳಿತ್ತು. ಆದರೆ ಆಶಾ ಅಕ್ಕನ ಪುಸ್ತಕದಲ್ಲಿ ಕೊನೆಗೆ ಇನ್ನೊಂದು ಕಾಲಂ ಇತ್ತು: "ಯಾರ ಮಾತು ಕೇಳುತ್ತಾರೆ". ಒಬ್ಬರ ಎದುರು ಮಠದ ಅಜ್ಜನವರು, ಇನ್ನೊಬ್ಬರ ಎದುರು ಸೊಸೆ, ಮತ್ತೊಬ್ಬರ ಎದುರು "ಯಾರ ಮಾತೂ ಇಲ್ಲ". ಆ ಕಾಲಂ ಯಾವ ಮೊಬೈಲ್ ಆ್ಯಪ್‌ನಲ್ಲೂ ಇರಲಿಲ್ಲ.

ಅದರ ಬೆಲೆ ನನಗೆ ತಿಳಿದದ್ದು 2021ರ ಏಪ್ರಿಲ್‌ನಲ್ಲಿ, 45 ದಾಟಿದವರಿಗೆಲ್ಲ ಲಸಿಕೆ ಶುರುವಾದಾಗ. ಕೋವಿಶೀಲ್ಡ್‌ನ ಒಂದು ಬಾಟಲಿಯಲ್ಲಿ ಹತ್ತು ಜನರ ಲಸಿಕೆ. ಒಮ್ಮೆ ತೆರೆದರೆ ನಾಲ್ಕು ಗಂಟೆಯೊಳಗೆ ಮುಗಿಯಬೇಕು, ಇಲ್ಲವಾದರೆ ಉಳಿದದ್ದು ಚೆಲ್ಲಬೇಕು. ಆ ದಿನ ಎರಡನೆಯ ಬಾಟಲಿ ತೆರೆದ ಮೇಲೆ ಬಂದವರು ಎಂಟೇ ಜನ. ಶಾಲೆಯ ಎದುರಿನ ಕಟ್ಟೆಯ ಮೇಲೆ ಅಜ್ಜನೊಬ್ಬ ಬೀಡಿ ಸೇದುತ್ತ ನಮ್ಮ ಫಜೀತಿ ನೋಡುತ್ತಿದ್ದ. ನಾನು ಹೋಗಿ ಪಾಠ ಶುರುಮಾಡಿದೆ: 1898ರಲ್ಲಿ ಹುಬ್ಬಳ್ಳಿಗೆ ಪ್ಲೇಗ್ ಬಂದಾಗ ಹಾಫ್ಕಿನ್ ಎಂಬ ವಿಜ್ಞಾನಿ ಕಂಡುಹಿಡಿದ ಲಸಿಕೆಯನ್ನು ಅಲ್ಲಿ ಸಾವಿರಾರು ಜನ ಹಾಕಿಸಿಕೊಂಡಿದ್ದರು, ನಮ್ಮ ಭಾಗಕ್ಕೆ ಲಸಿಕೆ ಹೊಸದೇನಲ್ಲ ಎಂದೆ. ಅಜ್ಜ ಪೂರ್ತಿ ಕೇಳಿಸಿಕೊಂಡು, "ನಮ್ಮ ಮುತ್ತಜ್ಜ ಹುಬ್ಬಳ್ಳಿಯವನಲ್ಲವಲ್ಲ, ಗುರುಗಳೇ" ಎಂದು ಇನ್ನೊಂದು ಬೀಡಿ ಹಚ್ಚಿದ.

ಆಶಾ ಅಕ್ಕ ಪುಸ್ತಕ ಬಿಚ್ಚಿದರು. ಅಜ್ಜನ ಎದುರು ರಾಣೆಬೆನ್ನೂರಿಗೆ ಕೊಟ್ಟ ಕಿರಿಮಗಳ ಹೆಸರು, ನಂಬರ್ ಇತ್ತು. ಫೋನ್ ಹಚ್ಚಿ, ಸ್ಪೀಕರ್ ಹಾಕಿ, ಅಜ್ಜನ ಕೈಗೆ ಕೊಟ್ಟು ದೂರ ನಿಂತರು. ಎರಡು ನಿಮಿಷ ಬೈಗುಳ ತಿಂದ ಅಜ್ಜ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ. ಹೋಗುವಾಗ ಚಹಾದಂಗಡಿಯವನ ತೋಳನ್ನೂ ಹಿಡಿದು ಎಳೆದುಕೊಂಡು ಹೋದ. ಹತ್ತು ತುಂಬಿತು.

ಆಮ್ಲಜನಕದ ಯಂತ್ರದ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಸಾಮಾನ್ಯವಾಗಿ ಸಿಗುವ ಯಂತ್ರ ನಿಮಿಷಕ್ಕೆ ಐದೋ ಹತ್ತೋ ಲೀಟರ್ ಕೊಡುತ್ತದೆ. ಕರೆಂಟ್ ಇದ್ದರೆ ಮಾತ್ರ ನಡೆಯುತ್ತದೆ. ತೀರಾ ಉಸಿರು ಕಟ್ಟಿದವರಿಗೆ ಅದು ಸಾಲದು, ಆಸ್ಪತ್ರೆಯೇ ಗತಿ. ದಾನಿಯೊಬ್ಬರು ನಮ್ಮೂರಿಗೆ ಕೊಟ್ಟದ್ದು ಪ್ಲಾಸ್ಟಿಕ್ ಹೊದಿಕೆ ತೆಗೆಯದೆ ಪಂಚಾಯಿತಿಯ ಕಪಾಟಿನಲ್ಲಿದೆ. ಅದಕ್ಕಿಂತ ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ತೋರಿಸುವ, ಬೆರಳಿಗೆ ಹಾಕುವ ಪಲ್ಸ್ ಆಕ್ಸಿಮೀಟರ್ ಹೆಚ್ಚು ಕೆಲಸಕ್ಕೆ ಬಂತು, ಅದೂ ಬಳಸಲು ಬಂದವರ ಕೈಯಲ್ಲಿದ್ದಾಗ. ಉಗುರಿಗೆ ಮೆಹಂದಿ, ಬಣ್ಣ ಇದ್ದರೆ ಅಂಕಿ ತಪ್ಪು ಬರಬಹುದು. ಕೈ ತಣ್ಣಗಿದ್ದರೂ ಅಷ್ಟೇ. ಬೆರಳು ಉಜ್ಜಿ ಬೆಚ್ಚಗೆ ಮಾಡಿ, ಅಂಕಿ ನಿಲ್ಲುವವರೆಗೆ ಕಾಯಬೇಕು. ಕುಳಿತಾಗ 96 ತೋರಿಸಿದವರನ್ನೂ ಆರು ನಿಮಿಷ ನಡೆಸಿ ಮತ್ತೆ ನೋಡಬೇಕು. 2021ರ ಮೇನಲ್ಲಿ ನಮ್ಮ ಓಣಿಯ ಹಮಾಲರೊಬ್ಬರು ಕುಳಿತಾಗ ನಗುನಗುತ್ತಲೇ ಇದ್ದರು. ಶಾಲೆಯ ಅಂಗಳದಲ್ಲಿ ಅಷ್ಟು ನಡೆಸಿದ ಮೇಲೆ 89ಕ್ಕೆ ಇಳಿಯಿತು. ಅವತ್ತೇ ರಾತ್ರಿ ಗದಗಿಗೆ ಕಳುಹಿಸಿದೆವು, ಉಳಿದರು. ತಡವಾಗಿ ಹೋದ ಕೆಲವರು ಮರಳಲಿಲ್ಲ.

ಒಂದು ತಪ್ಪನ್ನು ಮಾತ್ರ ಮತ್ತೆ ಮಾಡಬೇಡಿ. ಮೊದಲ ಅಲೆಯಲ್ಲಿ ಸೋಂಕಿತರ ಬಾಗಿಲಿಗೆ ಚೀಟಿ ಅಂಟಿಸುತ್ತ ನಡೆದೆವು. ಅಂತಹ ಚೀಟಿಯ ಫೋಟೊ ಊರಿನ ವಾಟ್ಸ್ಆ್ಯಪ್‌ನಲ್ಲಿ ಓಡಾಡಿತು. ಹಾಲು ಮಾರಿ ಬದುಕುವ ಮನೆಯೊಂದರಿಂದ ತಿಂಗಳುಗಟ್ಟಲೆ ಯಾರೂ ಹಾಲು ಕೊಳ್ಳಲಿಲ್ಲ. ಆ ಚೀಟಿಗೆ ಅಂಟು ಹಚ್ಚಿದವರಲ್ಲಿ ನಾನೂ ಒಬ್ಬ. ಸಕ್ಷಮ ಅಧಿಕಾರಿಯ ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಹೇಳಿತು. ನಮ್ಮೂರಿನ ಆ ಮನೆಗೆ ಅದು ತಡವಾಗಿ ಬಂದ ಮಾತು. ಹೀಗಾಗಿ ಆಶಾ ಅಕ್ಕನ ಪುಸ್ತಕದ ಫೋಟೊ ತೆಗೆಯಬೇಡಿ, ಝೆರಾಕ್ಸ್ ಕೇಳಬೇಡಿ. ಜನ ಅವರಿಗೆ ಹೇಳಿದ್ದು ಅವರಲ್ಲೇ ಇರಲಿ. ಹೊಸದಾಗಿ ಬರುವ ಕಾರ್ಯಕರ್ತೆಗೆ ಅದು ದಾಟುವಂತೆ ನೋಡಿಕೊಂಡರೆ ಸಾಕು.

ಸದಸ್ಯರಾಗಿ ನಿಮ್ಮ ಕೈಯಲ್ಲಿರುವ ಕೆಲಸವೂ ಒಂದಿದೆ. ಹಳ್ಳಿಗೊಂದು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಇರಬೇಕು. ಅದಕ್ಕೆ ವರ್ಷಕ್ಕೆ 10 ಸಾವಿರ ರೂಪಾಯಿವರೆಗೆ ಮುಕ್ತ ನಿಧಿ ಇಡಲಾಗಿದೆ. ನಿಮ್ಮಲ್ಲಿ ಅದು ಕೊನೆಯ ಸಲ ಸೇರಿದ್ದು ಯಾವಾಗ ಎಂದು ನಡಾವಳಿ ಪುಸ್ತಕ ತರಿಸಿ ನೋಡಿ. ಎರಡು ಆಕ್ಸಿಮೀಟರ್, ಒಂದು ಬಿಪಿ ಯಂತ್ರ, ಮಾಸ್ಕ್‌ಗೆ ಆ ಹಣ ಸಾಕು. ರಾತ್ರಿ ಗಾಡಿ ತೆಗೆಯಲು ಒಪ್ಪುವ ಇಬ್ಬರು ಟೆಂಪೊ ಮಾಲೀಕರನ್ನು ಈಗಲೇ ಮಾತನಾಡಿಸಿಡಿ. 108ಕ್ಕೆ ಕರೆ ಮಾಡುವುದು ಇದ್ದೇ ಇದೆ. ಆದರೆ ಊರಿಗೆಲ್ಲ ಒಟ್ಟಿಗೆ ಜ್ವರ ಬಂದಾಗ ಆ ಗಾಡಿಗೂ ಎರಡೇ ಜೊತೆ ಚಕ್ರ.

ಇನ್ನು ಆಶಾ ಅಕ್ಕಂದಿರಿಗೆ ಸನ್ಮಾನ ಮಾಡುವ ಯೋಚನೆ ನಿಮಗಿದ್ದರೆ ಶಾಲು, ಫಲಕದ ಖರ್ಚು ಬೇಡ. 2020ರ ಜುಲೈನಲ್ಲಿ, ಸೋಂಕು ಏರುತ್ತಿದ್ದಾಗಲೇ, ತಿಂಗಳಿಗೆ 12 ಸಾವಿರ ನಿಶ್ಚಿತ ಗೌರವಧನ ಕೊಡಿ ಎಂದು ಅವರು ಕೆಲಸ ನಿಲ್ಲಿಸಿ ಕೂರಬೇಕಾಯಿತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತದ ಆಶಾ ಕಾರ್ಯಕರ್ತೆಯರಿಗೆ ಪ್ರಶಸ್ತಿ ಕೊಟ್ಟಿತು. ಸುದ್ದಿ ಓದಿ ಹೇಳಿದಾಗ ನಮ್ಮ ಅಕ್ಕ, "ಅದರಲ್ಲಿ ಮೊಬೈಲ್ ರೀಚಾರ್ಜ್ ಆಗುತ್ತದೆಯೇ, ಗುರುಗಳೇ?" ಎಂದು ಕೇಳಿದರು. ಪಂಚಾಯಿತಿಯಿಂದ ಅದನ್ನಾದರೂ ಮಾಡಿಸಲು ಬರುತ್ತದೆಯೇ ಎಂದು ನಿಮ್ಮ ಪಿಡಿಒ ಅವರನ್ನು ಕೇಳಿ ನೋಡಿ.

ಅಂದ ಹಾಗೆ, ಅವರ ಮನೆಗೆ ಗುರುವಾರ ಹೋಗಬೇಡಿ. ಅಂದು ಮಕ್ಕಳ ಲಸಿಕೆ ಇರುತ್ತದೆ, ಸಿಗುವುದಿಲ್ಲ.