ಓದುಗರ ಪ್ರಶ್ನೆ: ಮಗ ರಾತ್ರಿ ಗಸ್ತಿಗೆ ಹೋಗುತ್ತಿದ್ದಾನೆ

ಪ್ರಶ್ನೆ: ಸಾಲಾಗಿ ಮನೆಗಳವು ನಡೆದ ಮೇಲೆ ನಮ್ಮ ಓಣಿಯ ಹುಡುಗರು ಬೀಟ್ ಪೊಲೀಸರಿಗೆ ತಿಳಿಸಿ ರಾತ್ರಿ ಗಸ್ತು ತಿರುಗುತ್ತಿದ್ದಾರೆ. ಪದವಿ ಓದುತ್ತಿರುವ ನನ್ನ ಮಗನೂ ಅವರಲ್ಲೊಬ್ಬ. ಇದರಿಂದ ಊರಿಗೆ ಕಾವಲಿಗಿಂತ ಹೆಚ್ಚಿನ ಪ್ರಯೋಜನ ಉಂಟೇ? ಹುಡುಗರು ದಾರಿ ತಪ್ಪಿ ದಬ್ಬಾಳಿಕೆಗೆ ಇಳಿಯಬಹುದೆಂಬ ಅಳುಕೂ ಇದೆ.
– ಒಬ್ಬ ತಾಯಿ, ಹುಬ್ಬಳ್ಳಿ

ಉತ್ತರ: ತಾಯಿಯವರೇ, ನಿಮ್ಮ ಅಳುಕಿಗೆ ಕಾರಣವಿದೆ, ಆದ್ದರಿಂದ ಮೊದಲು ಅದನ್ನೇ ನೋಡೋಣ. ಗಸ್ತಿನ ಹುಡುಗರಿಗೆ ಪೊಲೀಸರ ಅಧಿಕಾರವಿಲ್ಲ. ಜಾಮೀನಿಗೆ ಅವಕಾಶವಿಲ್ಲದ ಗಂಭೀರ ಅಪರಾಧ ಕಣ್ಣೆದುರೇ ನಡೆದಾಗ ಸಾಮಾನ್ಯ ನಾಗರಿಕರೂ ಆರೋಪಿಯನ್ನು ಹಿಡಿಯಬಹುದೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಹೇಳುತ್ತದೆ. ಆದರೆ ಹಿಡಿದವನನ್ನು ವಿನಾಕಾರಣ ತಡಮಾಡದೆ, ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಲೇಬೇಕು. ಹೊಡೆಯುವ ಹಕ್ಕು ಯಾರಿಗೂ ಇಲ್ಲ. ಸಂಶಯ ಬಂದರೆ 112ಕ್ಕೆ ಕರೆ ಮಾಡಿ ದೂರ ನಿಲ್ಲುವುದೇ ಅವರ ಕೆಲಸ. ತಡವಾಗಿ ಮರಳುವ ಕೂಲಿಕಾರರನ್ನೋ ಜೊತೆಯಾಗಿ ನಡೆದುಹೋಗುವ ಹುಡುಗ ಹುಡುಗಿಯರನ್ನೋ ತಡೆದು ಊರು, ಜಾತಿ ವಿಚಾರಿಸತೊಡಗಿದರೆ, ಆ ಗಸ್ತು ಓಣಿಯ ಬದುಕನ್ನು ಕುಗ್ಗಿಸಿಬಿಡುತ್ತದೆ. ಅಂಥದ್ದು ಕಂಡರೆ ಮಗನನ್ನು ಆ ದಿನವೇ ಬಿಡಿಸಿರಿ.

ಇನ್ನು ಪ್ರಯೋಜನದ ಮಾತು. ಗಸ್ತು ತಿರುಗುವವರ ಕಣ್ಣಿಗೆ ಕಳ್ಳರಿಗಿಂತ ಹೆಚ್ಚಾಗಿ ಬೀಳುವುದು ಉರಿಯದ ದೀಪ, ಮುಚ್ಚಳವಿಲ್ಲದ ಗಟಾರ, ಕಂಟಿ ಬೆಳೆದ ಖಾಲಿ ನಿವೇಶನ. ಇವನ್ನು ಬರೆದಿಡುವ ಒಂದು ನೋಟ್‌ಬುಕ್ ಇರಲಿ. "ಹಿಟ್ಟಿನ ಗಿರಣಿ ತಿರುವು, ಕಂಬದ ಸಂಖ್ಯೆ ಇಷ್ಟು, ಸೋಮವಾರದಿಂದ ಕತ್ತಲು" ಎಂದು ಬರೆದ ಹುಡುಗ ಮರುದಿನ ಅದನ್ನು ಯಾರಿಗೆ ಹೇಳಬೇಕೆಂದು ಹುಡುಕಲೇಬೇಕಾಗುತ್ತದೆ. ಬೀದಿದೀಪದ ನಿರ್ವಹಣೆ ಮಹಾನಗರ ಪಾಲಿಕೆಯದು, ವಿದ್ಯುತ್ ಪೂರೈಕೆ ಹೆಸ್ಕಾಂನದು ಎಂಬುದು ಆಗ ತಿಳಿಯುತ್ತದೆ. ಅರ್ಜಿ ಬರೆದು, ಸ್ವೀಕೃತಿ ಪಡೆದು, ಉತ್ತರ ಬಾರದಿದ್ದರೆ ಮತ್ತೆ ಹೋಗಿ ಕೇಳುವ ಅಭ್ಯಾಸವಾದವನು ಮುಂದೆ ನೀರಿನ ಪ್ರಶ್ನೆಗೂ ಆಟದ ಮೈದಾನದ ಪ್ರಶ್ನೆಗೂ ಅದೇ ದಾರಿ ಹಿಡಿಯುತ್ತಾನೆ. ನಾಗರಿಕ ಬದುಕು ಬಲಗೊಳ್ಳುವುದು ಇಲ್ಲಿಯೇ ಎಂದು ನಾನು ದೃಢವಾಗಿ ನಂಬುತ್ತೇನೆ. ನಮ್ಮ ರಾಜ್ಯದ ಮಹಾನಗರ ಪಾಲಿಕೆಗಳ ಕಾನೂನಿನಲ್ಲಿ ವಾರ್ಡ್ ಸಮಿತಿಗೂ, ವಾರ್ಡಿನ ಒಂದು ಭಾಗದ ಮತದಾರರು ಸೇರುವ ಏರಿಯಾ ಸಭೆಗಳಿಗೂ ಅವಕಾಶವಿದೆ. 18 ತುಂಬಿ ಮತದಾರರ ಪಟ್ಟಿಯಲ್ಲಿ ಹೆಸರಿರುವ ನಿಮ್ಮ ಮಗನಂಥವರು ಏರಿಯಾ ಸಭೆಯಲ್ಲಿ ಹಕ್ಕಿನಿಂದಲೇ ಮಾತನಾಡಬಹುದು.

ತಂಡದಲ್ಲಿ ಬರೀ ಹುಡುಗರೇ ಇರುವುದು ನನಗೆ ಕೊರತೆಯಾಗಿ ಕಾಣುತ್ತದೆ. ಸಂಜೆ ಚಿಗರಿ ಬಸ್ಸಿನಿಂದಿಳಿದು ಮನೆಯವರೆಗೆ ನಡೆಯುವ ಹೆಣ್ಣುಮಕ್ಕಳಿಗೆ ಯಾವ ತಿರುವು ಭಯದ್ದೆಂದು ಚೆನ್ನಾಗಿ ಗೊತ್ತಿರುತ್ತದೆ. ರಾತ್ರಿ ತಿರುಗದಿದ್ದರೂ ಚಿಂತೆಯಿಲ್ಲ, ಯಾವ ರಸ್ತೆಗೆ ಮೊದಲು ದೀಪ ಬೇಕೆಂದು ತೀರ್ಮಾನಿಸುವಾಗ ಅವರು ಇರಲೇಬೇಕು.

ಓದಿನ ವಿಷಯಕ್ಕೆ ಪಾಳಿಯ ಪದ್ಧತಿ ಸಾಕು; ಪರೀಕ್ಷೆಯ ತಿಂಗಳಲ್ಲಿ ವಿದ್ಯಾರ್ಥಿಗಳಿಗೆ ಬಿಡುವು ಕೊಟ್ಟು ಹಿರಿಯರು ಆ ಪಾಳಿ ವಹಿಸಿಕೊಳ್ಳಲಿ. ಬೀಟ್ ಪೊಲೀಸರು ಮುಂದಿನ ಸಲ ಸಭೆ ಕರೆದಾಗ ನೆರೆಮನೆಯ ಹೆಣ್ಣುಮಕ್ಕಳೊಂದಿಗೆ ನೀವೂ ಹೋಗಿರಿ, ಆ ನೋಟ್‌ಬುಕ್ಕನ್ನು ಎಲ್ಲರೆದುರು ಓದಿಸಿರಿ.