ಮುಖ ಬಿಸಿ ಮಾಡುವ ಆ ‘ಆಯುರ್ವೇದ’ ಪುಡಿಯಲ್ಲಿ ಏನಿದೆ?

ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಊರು, ವಯಸ್ಸು, ಕೈಬರಹ ಬೇರೆ ಬೇರೆ ಇರುತ್ತವೆ. ಪ್ರಶ್ನೆ ಮಾತ್ರ ಒಂದೇ: ‘ನಿಮಿರುವಿಕೆ ಸರಿಯಾಗಿ ಆಗುತ್ತಿಲ್ಲ, ಸೈಡ್ ಎಫೆಕ್ಟ್ ಇಲ್ಲದ ನೈಸರ್ಗಿಕ ಔಷಧಿ ತಿಳಿಸಿ.’ ಸಕ್ಕರೆ ಎಷ್ಟಿದೆ, ಬಿಪಿ ಎಷ್ಟಿದೆ, ಯಾವ ಮಾತ್ರೆ ನುಂಗುತ್ತಿದ್ದೀರಿ, ದಿನಕ್ಕೆ ಎಷ್ಟು ಸಿಗರೇಟು ಸೇದುತ್ತೀರಿ ಎಂಬುದನ್ನು ಯಾರೂ ಬರೆಯುವುದಿಲ್ಲ. ಅಷ್ಟು ತಿಳಿಯದೆ ಔಷಧಿಯ ಹೆಸರು ಹೇಳುವ ಧೈರ್ಯ ಬಸ್ ನಿಲ್ದಾಣದ ಪೋಸ್ಟರಿನವರಿಗಿದೆ, ನನಗಿಲ್ಲ. ಈ ಸಲ ಒಬ್ಬರು ಎಲ್ಲವನ್ನೂ ಬಿಡಿಸಿ ಬರೆದಿದ್ದಾರೆ. ಹೆಚ್ಚಿನ ಜಾಗ ಅವರಿಗೇ ಕೊಟ್ಟಿದ್ದೇನೆ. ಉಳಿದವರು ಬೇಸರಿಸಬೇಡಿ, ನಿಮ್ಮಲ್ಲಿ ಬಹುಪಾಲು ಜನರ ಉತ್ತರವೂ ಅದರಲ್ಲೇ ಇದೆ.

ಪ್ರಶ್ನೆ: ನನಗೆ 47 ವರ್ಷ, ಚನ್ನಗಿರಿ ಕಡೆ ಅಡಿಕೆ ತೋಟ ಇದೆ. ಎಂಟು ವರ್ಷದಿಂದ ಶುಗರ್, ಮೆಟ್‌ಫಾರ್ಮಿನ್ ನುಂಗುತ್ತೇನೆ. ಬಿಪಿಗೆ ಅಟೆನೊಲಾಲ್. ಎಲೆ ಅಡಿಕೆ ಜೊತೆ ಹೊಗೆಸೊಪ್ಪು ಹಾಕುವ ಅಭ್ಯಾಸ ಇದೆ. ಒಂದೂವರೆ ವರ್ಷದಿಂದ ನಿಮಿರುವಿಕೆ ಬರಬರುತ್ತಾ ಕಡಿಮೆಯಾಗಿದೆ, ಬೆಳಗಿನ ಜಾವವೂ ಇಲ್ಲ. ಆಸೆ ಇದೆ. ಪರಿಚಯದವರು ಕೊಡಿಸಿದ ಆಯುರ್ವೇದದ ಪುಡಿಯನ್ನು ಹಾಲಿಗೆ ಹಾಕಿ ಕುಡಿದರೆ ಮುಕ್ಕಾಲು ಗಂಟೆಯಲ್ಲಿ ಕೆಲಸ ಮಾಡುತ್ತದೆ. ಆದರೆ ಮುಖ ಬಿಸಿಯಾಗುತ್ತದೆ, ಮೂಗು ಕಟ್ಟುತ್ತದೆ, ತಲೆ ಸಿಡಿಯುತ್ತದೆ. ಈಚೆಗೆ ಗೊನೆ ಹೊರುವಾಗ ಎದೆ ಸ್ವಲ್ಪ ಬಿಗಿ ಹಿಡಿಯುತ್ತದೆ, ಗ್ಯಾಸ್ ಇರಬಹುದು. ಹೆಂಡತಿಗೆ ಏನೂ ಹೇಳಿಲ್ಲ, ಪಡಸಾಲೆಯಲ್ಲಿ ಮಲಗುತ್ತೇನೆ. ತಲೆನೋವು ಬರದಂಥ ಬೇರೆ ಪುಡಿ ಇದ್ದರೆ ತಿಳಿಸಿ ಡಾಕ್ಟ್ರೇ.

ಆ ಪುಡಿಯನ್ನು ಇವತ್ತೇ ನಿಲ್ಲಿಸಿ, ಬೇರೆಯದನ್ನು ಹುಡುಕಬೇಡಿ. ನಾಳೆಯೋ ನಾಡಿದ್ದೋ ಹೃದಯದ ವೈದ್ಯರಿಗೆ ತೋರಿಸಿ. ಅಲ್ಲಿಯವರೆಗೆ ಭಾರ ಹೊರಬೇಡಿ. ಸುಮ್ಮನೆ ಕೂತಾಗಲೂ ಎದೆ ಬಿಗಿದರೆ ಒಂದು ನಿಮಿಷವೂ ಕಾಯದೆ ಆಸ್ಪತ್ರೆಗೆ ಹೊರಡಿ. ನಿಮ್ಮ ಪತ್ರದ ಅತಿ ಮುಖ್ಯವಾದ ಸಾಲನ್ನು ನೀವು ಗ್ಯಾಸ್ ಎಂದು ದಾಟಿಸಿಬಿಟ್ಟಿದ್ದೀರಿ. ಸಕ್ಕರೆ ಕಾಯಿಲೆ ಇರುವ, ಹೊಗೆಸೊಪ್ಪು ಹಾಕುವ 47ರ ಗಂಡಸಿಗೆ ಭಾರ ಹೊತ್ತಾಗ ಎದೆ ಬಿಗಿಯುತ್ತದೆ ಎಂದರೆ, ಅದು ಹೃದಯದ್ದಲ್ಲ ಎಂದು ಪರೀಕ್ಷೆಯಲ್ಲಿ ಸಾಬೀತಾಗುವವರೆಗೆ ಹೃದಯದ್ದೇ.

ಎರಡೂ ತೊಂದರೆ ಒಂದೇ ಕಡೆಯಿಂದ ಬಂದಿರುವಂತಿದೆ. ಮನಸ್ಸಿನಲ್ಲಿ ಬಯಕೆ ಹುಟ್ಟಿದಾಗ ಶಿಶ್ನದ ನರಗಳೂ ರಕ್ತನಾಳಗಳ ಒಳಪದರವೂ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ. ಅದರಿಂದ ನಾಳಗಳ ಗೋಡೆ ಸಡಿಲಗೊಂಡು ರಕ್ತ ಒಳಗೆ ನುಗ್ಗುತ್ತದೆ, ಹೊರಹೋಗುವ ದಾರಿ ಒತ್ತಿ ಮುಚ್ಚಿಕೊಳ್ಳುತ್ತದೆ. ನಿಮಿರುವಿಕೆ ಎಂದರೆ ಇಷ್ಟೇ. ವರ್ಷಗಟ್ಟಲೆ ಏರಿದ ಸಕ್ಕರೆ, ಬಿಪಿ, ತಂಬಾಕು ಮೂರೂ ಹಾಳು ಮಾಡುವುದು ಆ ಒಳಪದರವನ್ನೇ. ಶಿಶ್ನದ ರಕ್ತನಾಳದ ಅಗಲ 1ರಿಂದ 2 ಮಿಲಿಮೀಟರ್, ಹೃದಯದ್ದು 3ರಿಂದ 4. ನಿಮ್ಮ ತೋಟದ ಡ್ರಿಪ್ ಲೈನಿನಲ್ಲಿ ಉಪ್ಪು ಕಟ್ಟಿದಾಗ ಮೊದಲು ನೀರು ನಿಲ್ಲುವುದು ಸಣ್ಣ ತೂತಿನ ಡ್ರಿಪ್ಪರಿನಲ್ಲಿ, ದೊಡ್ಡ ಪೈಪಿನ ಸರದಿ ಆಮೇಲೆ. ಅನೇಕರಲ್ಲಿ ನಿಮಿರುವಿಕೆ ಕುಂದಿದ ಎರಡರಿಂದ ಐದು ವರ್ಷಗಳಲ್ಲಿ ಹೃದಯದ ತೊಂದರೆ ಕಾಣಿಸಿಕೊಳ್ಳುತ್ತದೆ. ದೇಹ ಒಂದೂವರೆ ವರ್ಷದಿಂದ ಎಚ್ಚರಿಕೆ ಕೊಡುತ್ತಿತ್ತು, ನೀವು ಪುಡಿ ಕುಡಿದು ಅದರ ಬಾಯಿ ಮುಚ್ಚಿಸುತ್ತಿದ್ದಿರಿ.

ಈಗ ಆ ಪುಡಿಯ ವಿಷಯ. ಯಾವ ಬೇರೂ ಯಾವ ತೊಗಟೆಯೂ ಮುಕ್ಕಾಲು ಗಂಟೆಯಲ್ಲಿ ಹೀಗೆ ಕೆಲಸ ಮಾಡುವುದಿಲ್ಲ. ಮುಖ ಬಿಸಿಯಾಗುವುದು, ಮೂಗು ಕಟ್ಟುವುದು, ತಲೆನೋವು, ಈ ಮೂರೂ ಸೇರಿದರೆ ಅದು ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ (ವಯಾಗ್ರಾ) ಜಾತಿಯ ಮಾತ್ರೆಯ ಚಹರೆ. ನಿಮ್ಮ ಡಬ್ಬಿಯಲ್ಲಿ ಅದನ್ನೇ ಅರೆದು ಬೆರೆಸಿರುವ ಸಾಧ್ಯತೆ ಹೆಚ್ಚು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ‘ಗಿಡಮೂಲಿಕೆ’ ಸರಕುಗಳನ್ನು ಪರೀಕ್ಷಿಸಿದಾಗ ಮತ್ತೆ ಮತ್ತೆ ಸಿಕ್ಕಿರುವುದು ಇದೇ. ಡಬ್ಬಿಯನ್ನು ತಿರುಗಿಸಿ ನೋಡಿ. ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್ ಇವೆಯೇ? ನನ್ನ ಬಳಿ ರೋಗಿಗಳು ತಂದು ತೋರಿಸುವ ಡಬ್ಬಿಗಳ ಮೇಲೆ ಕುದುರೆಯ ಚಿತ್ರ ಇರುತ್ತದೆ, ‘100% ಹರ್ಬಲ್’ ಎಂದಿರುತ್ತದೆ, ಕೆಳಗೆ ಒಂದು ಮೊಬೈಲ್ ನಂಬರ್ ಇರುತ್ತದೆ. ಮತ್ತೇನೂ ಇರುವುದಿಲ್ಲ.

ಸಿಲ್ಡೆನಾಫಿಲ್ ಕೆಟ್ಟ ಔಷಧಿಯಲ್ಲ. ಮೊದಲು ಅದನ್ನು ಪರೀಕ್ಷಿಸಿದ್ದೇ ಎದೆನೋವಿಗೆಂದು. ನಿಮಿರುವಿಕೆಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರಲ್ಲಿ. ಸರಿಯಾದ ರೋಗಿಗೆ, ಸರಿಯಾದ ಪ್ರಮಾಣದಲ್ಲಿ ನಾನೇ ಬರೆದುಕೊಡುತ್ತೇನೆ. ಅಪಾಯ ಇರುವುದು ಗೊತ್ತಿಲ್ಲದೆ ತೆಗೆದುಕೊಳ್ಳುವುದರಲ್ಲಿ. ನಾಳೆ ನಿಮಗೆ ಜೋರಾಗಿ ಎದೆನೋವು ಬಂತು ಎಂದುಕೊಳ್ಳಿ. ಮನೆಯವರೋ ಹತ್ತಿರದ ಕ್ಲಿನಿಕ್ಕಿನವರೋ ನಾಲಿಗೆ ಕೆಳಗೆ ಸಾರ್ಬಿಟ್ರೇಟ್ ಇಡುತ್ತಾರೆ. ಅದು ನೈಟ್ರೇಟ್, ರಕ್ತನಾಳವನ್ನು ಸಡಿಲಿಸುವ ಔಷಧಿ. ಮೈಯಲ್ಲಿ ಸಿಲ್ಡೆನಾಫಿಲ್ ಇರುವಾಗ ನೈಟ್ರೇಟ್ ಬಿದ್ದರೆ ಬಿಪಿ ಒಮ್ಮೆಲೇ ಕುಸಿಯುತ್ತದೆ, ಪ್ರಾಣವೇ ಹೋಗಬಹುದು. ಸಿಲ್ಡೆನಾಫಿಲ್ ನುಂಗಿದ ಮೇಲೆ 24 ಗಂಟೆ, ಅದೇ ಜಾತಿಯ ಟಡಾಲಾಫಿಲ್ ನುಂಗಿದ ಮೇಲೆ 48 ಗಂಟೆ ನೈಟ್ರೇಟ್ ಕೊಡುವಂತಿಲ್ಲ. ವೈದ್ಯರು ಕೇಳಿದಾಗ ನೀವು ‘ಬೇರೆ ಯಾವ ಮಾತ್ರೆಯೂ ಇಲ್ಲ’ ಎನ್ನುತ್ತೀರಿ, ಏಕೆಂದರೆ ನಿಮ್ಮ ಲೆಕ್ಕದಲ್ಲಿ ಅದು ಬರೀ ಪುಡಿ. ಹಾಗಾಗಿ ಯಾವ ಆಸ್ಪತ್ರೆಗೆ ಹೋದರೂ ನಾಚಿಕೆ ಬಿಟ್ಟು ಮೊದಲು ಇದನ್ನು ಹೇಳಿ, ಡಬ್ಬಿಯನ್ನೂ ಜೊತೆಗೆ ಒಯ್ಯಿರಿ.

ಅಟೆನೊಲಾಲ್ ಕೂಡ ಕೆಲವರಲ್ಲಿ ನಿಮಿರುವಿಕೆಯನ್ನು ಕುಗ್ಗಿಸುತ್ತದೆ. ಇದನ್ನು ಓದಿ ಮಾತ್ರೆ ಬಿಟ್ಟುಬಿಡಬೇಡಿ. ಅದನ್ನು ತಟ್ಟನೆ ನಿಲ್ಲಿಸಿದರೆ ಎದೆನೋವು ಕೆರಳಿ ಹೃದಯಾಘಾತವೂ ಆಗಬಹುದು. ಬದಲಿಸುವುದು ಬೇಡವೋ ಬೇಕೋ ಎಂಬುದು ಹೃದಯದ ವೈದ್ಯರಿಗೆ ಬಿಟ್ಟದ್ದು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗುವವರಲ್ಲಿ ಬಿ12 ಇಳಿಯಬಹುದು, ನರಗಳು ಮಂಕಾಗಬಹುದು. ಸಸ್ಯಾಹಾರಿಗಳಾದರೆ ಇನ್ನೂ ಬೇಗ. ಪಾದ ಜುಮ್ಮೆನ್ನುತ್ತಿದ್ದರೆ ಅದನ್ನೂ ಪರೀಕ್ಷೆ ಮಾಡಿಸಿ. ಜೊತೆಗೆ ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ, ಕೊಲೆಸ್ಟ್ರಾಲ್, ಮೂತ್ರಪಿಂಡದ ಕ್ರಿಯಾಟಿನಿನ್. ಗೊತ್ತುಗುರಿಯಿಲ್ಲದ ಪುಡಿಗಳಲ್ಲಿ ಸರಿಯಾಗಿ ಸಂಸ್ಕರಿಸದ ಭಸ್ಮವೂ ಇರುತ್ತದೆ, ಅದರ ಸೀಸ–ಪಾದರಸ ಮೂತ್ರಪಿಂಡವನ್ನು ಕೆಡಿಸುತ್ತವೆ.

ನೈಸರ್ಗಿಕವಾಗಿ ಏನು ಮಾಡಬಹುದು ಎಂದು ಕೇಳಿದ್ದೀರಿ. ಬಹಳ ಇದೆ, ಆದರೆ ಯಾವುದೂ ಡಬ್ಬಿಯಲ್ಲಿ ಬರುವುದಿಲ್ಲ. ಹೊಗೆಸೊಪ್ಪು ಬಿಡಿ. ಕಡಿಮೆ ಮಾಡಿ ಎನ್ನುತ್ತಿಲ್ಲ, ಬಿಡಿ. ಹೃದಯದ ವೈದ್ಯರು ಒಪ್ಪಿದ ಮೇಲೆ ವಾರಕ್ಕೆ ನಾಲ್ಕು ದಿನ, ದಿನಕ್ಕೆ 40 ನಿಮಿಷ, ಮಾತಾಡಲು ಬರಬೇಕು ಆದರೆ ಹಾಡಲು ಬರಬಾರದು ಅಷ್ಟು ಬಿರುಸಾಗಿ ನಡೆಯಿರಿ. ತೋಟದಲ್ಲಿ ಓಡಾಡುತ್ತೇನಲ್ಲ ಎನ್ನಬೇಡಿ. ನಿಂತು ನಿಂತು ಓಡಾಡುವುದು ಈ ಲೆಕ್ಕಕ್ಕೆ ಬರುವುದಿಲ್ಲ. ಫಲ ತಿಳಿಯಲು ಆರು ತಿಂಗಳು ಬೇಕು. 2004ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ನಿಮಿರುವಿಕೆ ತೊಂದರೆಯಿದ್ದ 110 ಬೊಜ್ಜು ಮೈಯ ಗಂಡಸರನ್ನು ಎರಡು ಗುಂಪು ಮಾಡಿದರು. ಊಟ–ವ್ಯಾಯಾಮವನ್ನು ಕಟ್ಟುನಿಟ್ಟಾಗಿ ತಿದ್ದಿದ ಗುಂಪಿನಲ್ಲಿ ಎರಡು ವರ್ಷದಲ್ಲಿ ಸುಮಾರು ಮೂರನೇ ಒಂದು ಭಾಗದವರು ಸರಿಹೋದರು, ಬರೀ ಸಾಮಾನ್ಯ ಸಲಹೆ ಪಡೆದ ಗುಂಪಿನಲ್ಲಿ ಮೂವರು ಮಾತ್ರ. ಅವರ್ಯಾರಿಗೂ ಸಕ್ಕರೆ ಕಾಯಿಲೆ ಇರಲಿಲ್ಲ ಎಂಬುದನ್ನು ಮುಚ್ಚಿಡುವುದಿಲ್ಲ. ನಿಮಗೆ ಅಷ್ಟೇ ಲಾಭ ಸಿಗುತ್ತದೆ ಎಂದು ಭರವಸೆ ಕೊಡಲಾರೆ, ಆದರೆ ಹೃದಯಕ್ಕಂತೂ ಸಿಗುತ್ತದೆ.

ಇನ್ನೊಂದು ವ್ಯಾಯಾಮವಿದೆ, ಯಾರೂ ಮಾಡುವುದಿಲ್ಲ. ಹೂಸು ಹೊರಬೀಳದಂತೆ ತಡೆಯುವಾಗ ಕೆಳಗೆ ಯಾವ ಸ್ನಾಯು ಬಿಗಿಯುತ್ತದೆಯೋ ಅದನ್ನು ಐದು ಸೆಕೆಂಡ್ ಬಿಗಿದು, ಹತ್ತು ಸೆಕೆಂಡ್ ಸಡಿಲಿಸಿ. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಹೊಟ್ಟೆ, ತೊಡೆ, ಕುಂಡಿ ಬಿಗಿಯಬಾರದು, ಉಸಿರು ಹಿಡಿಯಬಾರದು. ಸರಿಯಾಗಿ ಮಾಡಿದರೆ ಶಿಶ್ನದ ಬುಡ ತುಸು ಒಳಕ್ಕೆ ಎಳೆದಂತೆ, ವೃಷಣ ತುಸು ಮೇಲೆದ್ದಂತೆ ತಿಳಿಯುತ್ತದೆ. 2005ರ ಬ್ರಿಟಿಷ್ ಪ್ರಯೋಗದಲ್ಲಿ ಇದನ್ನು ಆರು ತಿಂಗಳು ಬಿಡದೆ ಮಾಡಿದ 55 ಗಂಡಸರಲ್ಲಿ ಶೇ 40ರಷ್ಟು ಮಂದಿ ಸಹಜ ಸ್ಥಿತಿಗೆ ಬಂದರು. ಕಾಸು ಖರ್ಚಿಲ್ಲದ್ದಕ್ಕೆ ಇದರ ಮೇಲೆ ಜನರಿಗೆ ನಂಬಿಕೆ ಇಲ್ಲವೇನೋ.

ನುಗ್ಗೆಕಾಯಿ ತಿನ್ನಿ, ಬೀಟ್‌ರೂಟ್ ತಿನ್ನಿ, ಸೊಪ್ಪು ಧಾರಾಳವಾಗಿ ತಿನ್ನಿ. ಒಳ್ಳೆಯ ಊಟ, ಔಷಧಿಯಲ್ಲ. ಅಶ್ವಗಂಧ ಒತ್ತಡಕ್ಕೆ ಸ್ವಲ್ಪ ಉಪಕಾರಿ ಎಂದು ಸಣ್ಣ ಅಧ್ಯಯನಗಳು ಹೇಳುತ್ತವೆ, ಆದರೆ ಕಟ್ಟಿದ ರಕ್ತನಾಳವನ್ನು ಅದು ಬಿಡಿಸುವುದಿಲ್ಲ. ಅದರಿಂದ ಲಿವರಿಗೆ ಪೆಟ್ಟು ಬಿದ್ದ ಪ್ರಕರಣಗಳೂ ದಾಖಲಾಗಿವೆ. ಆಯುರ್ವೇದವನ್ನೇ ನಂಬುವುದಾದರೆ ನೋಂದಾಯಿತ ವೈದ್ಯರ ಬಳಿ ಹೋಗಿ. ಲೈಂಗಿಕ ಶಕ್ತಿಯ ಚಿಕಿತ್ಸೆಯಾದ ವಾಜೀಕರಣ ಅವರ ಶಾಸ್ತ್ರದ ಎಂಟು ಅಂಗಗಳಲ್ಲಿ ಒಂದು, ಓದಿದವರು ನಾಡಿ ನೋಡದೆ, ಕಾಯಿಲೆ ಕೇಳದೆ ಡಬ್ಬಿ ಕೊಡುವುದಿಲ್ಲ. ಹೆದ್ದಾರಿ ಬದಿಯ ಟೆಂಟಿನವನಿಗೂ ಅವರಿಗೂ ಸಂಬಂಧವಿಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ. ‘ಪ್ರತಿ ತಿಂಗಳ ಎರಡನೇ ಭಾನುವಾರ ಲಾಡ್ಜಿನಲ್ಲಿ ಭೇಟಿ’ ಎಂಬ ಪೋಸ್ಟರು ಇನ್ನೂ ಕಂಬದ ಮೇಲಿರುವುದು ದೂರು ಕೊಡುವವರು ಇಲ್ಲದ್ದಕ್ಕೆ. ಮೋಸಹೋದವನು ನಾಚಿಕೆಯಿಂದ ಬಾಯಿ ಬಿಡುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು.

ಹೃದಯ ಸರಿಯಿದೆ ಎಂದಾದ ಮೇಲೆ ನಿಮಗೆ ಮಾತ್ರೆಯೂ ಸಿಗುತ್ತದೆ, ಅದು ಸಾಲದಿದ್ದರೆ ಬೇರೆ ಚಿಕಿತ್ಸೆಗಳೂ ಇವೆ. ಹೆಂಡತಿಗೆ ಇವತ್ತು ರಾತ್ರಿಯೇ ಹೇಳಿ. ಒಂದೂವರೆ ವರ್ಷ ಗಂಡ ಪಡಸಾಲೆಯಲ್ಲಿ ಮಲಗಿದರೆ ಹೆಂಗಸು ಏನೆಂದುಕೊಳ್ಳುತ್ತಾಳೆ ಯೋಚಿಸಿ. ನನ್ನ ಬಳಿ ಬರುವ ಎಷ್ಟೋ ಹೆಂಗಸರು ತಮ್ಮಲ್ಲೇ ಏನೋ ಕೊರತೆ ಎಂದೋ, ಗಂಡನಿಗೆ ಬೇರೆ ಸಂಬಂಧವಿದೆ ಎಂದೋ ಒಳಗೊಳಗೇ ಬೆಂದಿರುತ್ತಾರೆ. ಸಕ್ಕರೆ ಕಾಯಿಲೆಯಿಂದ ಹೀಗಾಗಿದೆ ಎಂದು ತಿಳಿದಾಗ ಅವರು ಅಳುವುದನ್ನು ನೋಡಿದ್ದೇನೆ.

ಪ್ರಶ್ನೆ: 19 ವರ್ಷ. ಹಸ್ತಮೈಥುನದಿಂದ ನರ ದುರ್ಬಲವಾಗಿದೆ, ಮುಂದೆ ಮದುವೆಯಾಗಬಹುದೇ?

ಹಸ್ತಮೈಥುನದಿಂದ ಯಾವ ನರವೂ ದುರ್ಬಲವಾಗುವುದಿಲ್ಲ. ಓದು ಮುಗಿಸಿ, ಕೆಲಸ ಹಿಡಿದು, ಮದುವೆಯಾಗಿ.

ಪ್ರಶ್ನೆ: ಮೂತ್ರದಲ್ಲಿ ಧಾತು ಹೋಗುತ್ತಿದೆ. ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಬೇಕಂತೆ. ದಿನೇ ದಿನೇ ಕೃಶನಾಗುತ್ತಿದ್ದೇನೆ.

ವೀರ್ಯ ರಕ್ತದಿಂದ ಇಳಿಯುವುದಿಲ್ಲ. ಅದರ ಹೆಚ್ಚಿನ ಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳ ಸ್ರಾವ, ಹೋದಷ್ಟು ಮತ್ತೆ ತುಂಬುತ್ತದೆ. ಮೂತ್ರ ಮಸುಕಾಗಿ ಕಂಡರೆ ಹೆಚ್ಚಿನ ಸಲ ಅದು ಫಾಸ್ಫೇಟ್ ಎಂಬ ಲವಣ, ಕೆಲವೊಮ್ಮೆ ಸೋಂಕು. ಒಂದು ಮೂತ್ರಪರೀಕ್ಷೆ ಮಾಡಿಸಿ. ಈ ಭಯವನ್ನೇ ಭಾರತದ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲಿ ‘ಧಾತ್ ಸಿಂಡ್ರೋಮ್’ ಎಂದು ಗುರುತಿಸಿದರು. ನಿಮ್ಮನ್ನು ಕೃಶ ಮಾಡುತ್ತಿರುವುದು ನಿದ್ದೆಗೆಟ್ಟ ಚಿಂತೆಯೇ ಇರಬಹುದು. ತೂಕ ನಿಜವಾಗಿಯೂ ಇಳಿಯುತ್ತಿದ್ದರೆ ಸಕ್ಕರೆ, ಥೈರಾಯ್ಡ್, ಕಫ ಪರೀಕ್ಷೆ ಮಾಡಿಸಿ.

ಪ್ರಶ್ನೆ: ಉಡದ ಎಣ್ಣೆ ಹಚ್ಚಿದರೆ ಗಾತ್ರ ಹೆಚ್ಚುತ್ತದೆಯೇ?

ಇಲ್ಲ. ಉಡವನ್ನು ಕೊಲ್ಲುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ, ಆ ಎಣ್ಣೆ ಕೊಂಡವರೂ ಅದರಲ್ಲಿ ಪಾಲುದಾರರು.

ಪ್ರಶ್ನೆ: 28 ವರ್ಷ, ಮದುವೆಯಾಗಿ ಒಂದು ತಿಂಗಳು. ಬೆಳಗಿನ ಜಾವ ಚೆನ್ನಾಗಿ ನಿಮಿರುತ್ತದೆ, ಹೆಂಡತಿಯ ಜೊತೆ ಮಾತ್ರ ಆಗುವುದಿಲ್ಲ.

ಬೆಳಗಿನದು ಸರಿಯಿದ್ದರೆ ರಕ್ತನಾಳ, ನರ, ಹಾರ್ಮೋನು ಸರಿಯಿವೆ. ಕೆಡುತ್ತಿರುವುದು ಆತಂಕದಿಂದ. ಒಂದೆರಡು ವಾರ ಸಂಭೋಗದ ಪ್ರಯತ್ನವನ್ನೇ ಬಿಟ್ಟು ಇಬ್ಬರೂ ಮಾತು, ಸ್ಪರ್ಶ, ಸಲಿಗೆಯಲ್ಲಿ ಕಳೆಯಿರಿ. ಮನೆ ತುಂಬ ನೆಂಟರಿದ್ದರೆ ಎಲ್ಲಾದರೂ ಹೋಗಿಬನ್ನಿ. ಗೆಳೆಯರ ಮಾತು ಕೇಳಿ ಮಾತ್ರೆ ನುಂಗಬೇಡಿ, ಮದ್ಯದ ಧೈರ್ಯವಂತೂ ಬೇಡವೇ ಬೇಡ.

ಪ್ರಶ್ನೆ: ಜಿಮ್ಮಿನಲ್ಲಿ ಟೆಸ್ಟೊಸ್ಟಿರಾನ್ ಇಂಜೆಕ್ಷನ್ ಕೊಡುತ್ತಿದ್ದಾರೆ. ಮಗು ಬೇಕೆಂದು ಎರಡು ವರ್ಷದಿಂದ ಪ್ರಯತ್ನಿಸುತ್ತಿದ್ದೇವೆ.

ಮಗು ಆಗದಿರಲು ಅದೇ ಕಾರಣವಿರಬಹುದು. ಹೊರಗಿನಿಂದ ಟೆಸ್ಟೊಸ್ಟಿರಾನ್ ಬಂದರೆ ವೃಷಣ ತನ್ನ ಕೆಲಸ ನಿಲ್ಲಿಸುತ್ತದೆ, ವೀರ್ಯಾಣು ಸೊನ್ನೆಗೂ ಇಳಿಯಬಹುದು. ಇನ್ನೊಂದು ಸೂಜಿಯೂ ಬೇಡ. ವೀರ್ಯ ಪರೀಕ್ಷೆಯ ವರದಿ ಹಿಡಿದು ತಜ್ಞರನ್ನು ಕಾಣಿ. ಹೆಂಡತಿಯನ್ನು ಒಬ್ಬಳನ್ನೇ ಸ್ಕ್ಯಾನಿಂಗಿಗೆ ಅಲೆದಾಡಿಸುವುದನ್ನು ನಿಲ್ಲಿಸಿ.

ಪ್ರಶ್ನೆ: ಯಜಮಾನರಿಗೆ 52. ಹತ್ತಿರ ಬರುವುದಿಲ್ಲ, ಡಾಕ್ಟರ ಹತ್ತಿರ ಬಾ ಎಂದರೆ ಸಿಟ್ಟು ಮಾಡುತ್ತಾರೆ. ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುತ್ತಾರೆ. ಅವರಿಗೆ ತಿಳಿಯದಂತೆ ಹಾಲಿನಲ್ಲಿ ಬೆರೆಸುವ ಔಷಧಿ ಇದೆಯೇ?

ಯಾವ ಔಷಧಿಯನ್ನೂ ಯಾರಿಗೂ ತಿಳಿಯದಂತೆ ಕೊಡಬೇಡಿ ತಾಯಿ. ಅವರ ಹೃದಯದ ಸ್ಥಿತಿ ನಿಮಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ಮಲಗುವ ಕೋಣೆಯ ವಿಷಯ ಎತ್ತಿದರೆ ಅವರು ಎದ್ದು ಹೋಗುತ್ತಾರೆ, ಮೂತ್ರದ ವಿಷಯ ಎತ್ತಿದರೆ ಕೂರುತ್ತಾರೆ. ಅದನ್ನೇ ಹಿಡಿದು ಹೊರಡಿಸಿ. ಸಕ್ಕರೆ ಕಾಯಿಲೆಯೋ ಪ್ರಾಸ್ಟೇಟ್ ಊತವೋ ಇರಬಹುದು, ಎರಡೂ ನಿಮಿರುವಿಕೆಗೆ ತೊಡಕೇ. ಮೂವತ್ತು ದಾಟಿದವರಿಗೆ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿಪಿ, ಸಕ್ಕರೆ ತಪಾಸಣೆ ಉಚಿತ. ಇಬ್ಬರೂ ಒಟ್ಟಿಗೆ ಮಾಡಿಸಿಕೊಳ್ಳಿ. ನಿಮಗೂ ಅದು ಬೇಕು.